ಕಲ್ಯಾಣದ ಏಳು ಮನಸ್ತಾಪಗಳು

ಕಲ್ಯಾಣ, 7 ಆಗಸ್ಟ್ 1949, ರವಿವಾರ

ಈ ನೋಟುಬುಕ್ಕನ್ನು ಇವರು ಉಪದೇಶದ ಟಿಪ್ಪಣಿ ಬರೆಯಲೆಂದು ತಂದಿಟ್ಟಿದ್ದರು. ಎರಡು ವರ್ಷದಲ್ಲಿ ಬರೆದದ್ದು ಎರಡೇ ಶಬ್ದ: "ಪ್ರಿಯ ಸಭೆಯೇ." ಮುಂದೆ ಏನು ಹೇಳಬೇಕೆಂದು ಹೊಳೆದಂತಿಲ್ಲ. ಉಳಿದ ಹಾಳೆಗಳು ಇಲಿಯ ಪಾಲಾಗುವುದಕ್ಕಿಂತ ನನ್ನ ಪಾಲಾಗಲಿ ಎಂದು ತೆಗೆದುಕೊಂಡೆ. ಬೀದರಿನ ಮಿಶನ್ ಬೋರ್ಡಿಂಗಿನಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ ಕಮಳಾಬಾಯಿ ಕಲ್ಯಾಣದ ಉಪದೇಶಿ ಮಚ್ಚೇಂದ್ರನ ಹೆಂಡತಿಯಾಗಿ ರೊಟ್ಟಿ ಬಡಿಯುವುದರಲ್ಲೇ ಮುಗಿದುಹೋದಳು ಎಂದು ಯಾರೂ ಹೇಳಬಾರದು.

ಇಂದು ಹುಮನಾಬಾದಿನಿಂದ ದೊಡ್ಡ ಪಾದ್ರಿಗಳು ಬಂದಿದ್ದರು. ರೊಟ್ಟಿ ಮುರಿದು ದ್ರಾಕ್ಷಾರಸ ಹಂಚುವ ಪ್ರಭುಭೋಜನವನ್ನು ಅವರೇ ಬಂದು ಕೊಡಬೇಕು. ನಮ್ಮ ಇವರಿಗೆ ಆ ಅಧಿಕಾರವಿಲ್ಲ. ಹೋದ ವರ್ಷದ ಈಸ್ಟರ್ ಆದ ಮೇಲೆ ನಮ್ಮ ಊರಿನಲ್ಲಿ ಅದು ನಡೆದೇ ಇಲ್ಲ. ಮೊದಲು ರಜಾಕಾರರ ಗಲಾಟೆ, ಆಮೇಲೆ ಪೊಲೀಸ್ ಕಾರ್ಯಾಚರಣೆ. ಕ್ರಿಸ್‌ಮಸ್ಸಿಗೆ ಬಂದಿದ್ದರು ನಿಜ, ಆದರೆ ಸಭೆಯ ಅರ್ಧ ಜನ ಇನ್ನರ್ಧ ಜನಕ್ಕೆ ಬೆನ್ನು ಹಾಕಿ ಕೂತಿದ್ದನ್ನು ನೋಡಿ ಬಟ್ಟಲಿನ ಪೆಟ್ಟಿಗೆಯನ್ನು ತೆರೆಯದೆಯೇ ಬಸ್ಸು ಹತ್ತಿದರು.

ಇವತ್ತು ಖಂಡಿತವಾಗಿ ಹೇಳಿದರು. ಅಕ್ಟೋಬರ್ ಎರಡಕ್ಕೆ ಬರುತ್ತಾರೆ. ಅಷ್ಟರೊಳಗೆ ಯಾರಿಗೆ ಯಾರ ಮೇಲೆ ಮನಸ್ತಾಪವಿದೆಯೋ ಅವರು ಸಮಾಧಾನ ಮಾಡಿಕೊಂಡು, ನಮ್ಮ ಸಭೆಯ ಪದ್ಧತಿಯಂತೆ ಒಂದೇ ಚೊಂಬಿನ ನೀರು ಕುಡಿದಿರಬೇಕು. ಇಲ್ಲದವರು ರೊಟ್ಟಿಗೆ ಕೈ ಚಾಚಬಾರದು. ಈ ಕೆಲಸಕ್ಕೆ ಯಾರು ಎಂದು ಸುತ್ತ ನೋಡಿ, "ಕಮಳಾಬಾಯಿ, ನೀವು ನೋಡ್ಕೋರಿ" ಎಂದರು. ಹೋಗುವಾಗ ಇವರ ಕಿವಿಯಲ್ಲಿ, ಇದು ಸರಿಹೋದರೆ ಖಾಲಿ ಇರುವ ಬೈಬಲ್ ಬಾಯಿಯ ಕೆಲಸಕ್ಕೆ ನನ್ನ ಹೆಸರು ಬರೆಯುತ್ತೇನೆ ಎಂದರಂತೆ. ಮೋರಖಂಡಿ, ರಾಜೇಶ್ವರ ಎಲ್ಲ ಸುತ್ತಿ ಹೆಂಗಸರಿಗೆ ಬೋಧಿಸುವ ಕೆಲಸ. ಎರಡು ಬಿಳಿ ಸೀರೆ ಕೊಡುತ್ತಾರೆ. ಮೇಲೆ ಒಂದು ಛತ್ರಿ. ಇಡೀ ಓಣಿಯಲ್ಲಿ ಛತ್ರಿ ಇರುವ ಹೆಂಗಸು ಒಬ್ಬಳೂ ಇಲ್ಲ. ಇದನ್ನು ಆಸೆ ಎನ್ನಬಾರದು, ಸೇವೆಗೆ ಬೇಕಾದ ಸಾಮಾನು.

ಕೂತು ಪಟ್ಟಿ ಮಾಡಿದೆ. ಒಟ್ಟು ಏಳು ಮನಸ್ತಾಪ. ನನ್ನ ಹೆಸರು ಅದರಲ್ಲಿಲ್ಲ, ದೇವರ ದಯೆ. ನೆಗೆಣ್ಣಿ ಭಾಗಮ್ಮ ನನ್ನ ಕೂಡ ಮಾತಾಡುವುದಿಲ್ಲ, ಆದರೆ ಮಾತು ಬಿಟ್ಟವಳು ಅವಳು. ನನ್ನ ಮನಸ್ಸಿನಲ್ಲಿ ಏನೂ ಇಲ್ಲ.

9 ಆಗಸ್ಟ್, ಮಂಗಳವಾರ

ಇವರು ಪಟ್ಟಿ ಓದಿ, "ಭಾಗವ್ವಂದು ಇಲ್ಲಲ್ಲ?" ಎಂದರು. ಭಾಗಮ್ಮ ಇವರ ಸತ್ತುಹೋದ ಅಣ್ಣನ ಹೆಂಡತಿ. ನಮ್ಮ ಮನೆಯಿಂದ ಮೂರನೆಯ ಬಾಗಿಲು ಅವಳದು.

ಕಾರಣ ಊರಿಗೇ ಗೊತ್ತಿರುವುದು. ಹೋದ ವರ್ಷದ ಈಸ್ಟರಿಗೆ ಪ್ರಭುಭೋಜನದ ರೊಟ್ಟಿ ಮಾಡುವ ಪಾಳಿ ಅವಳದಾಗಿತ್ತು. ಗೋಧಿಯ ಮೆತ್ತನೆಯ ರೊಟ್ಟಿ ಮಾಡು ಎಂದು ನಾನು ಬಾಯಿಬಿಟ್ಟು ಹೇಳಿದ್ದೆ. ಅವಳು ಜೋಳದ ರೊಟ್ಟಿ ಬಡಿದು, ಹಿಂದಿನ ದಿನವೇ ಸುಟ್ಟು, ಒಣಗಿಸಿ ತಂದಳು. ಪಾದ್ರಿಗಳು ಕಣ್ಣು ಮುಚ್ಚಿ ಮೊದಲ ತುಂಡು ಬಾಯಿಗಿಟ್ಟರು. ಕಟ್ ಎಂದು ಸದ್ದಾಯಿತು. ಮುಂದಿನ ಹಲ್ಲು ಕೈಗೆ ಬಂತು. ನಾನು ನಕ್ಕೆ. ತಡೆಯಲು ನೋಡಿದೆ, ಸೆರಗು ಬಾಯಿಗೆ ತುರುಕಿಕೊಂಡೆ, ಆದರೂ ನಕ್ಕೆ. ಆ ಸಿಟ್ಟಿಗೆ ಅವಳು ಮಾತು ಬಿಟ್ಟಿದ್ದಾಳೆ.

ಇದನ್ನೇ ಇವರಿಗೆ ಹೇಳಿದೆ. ವಾರದಲ್ಲಿ ಒಮ್ಮೆ ಬಾಯಿ ತೆರೆಯುವ ಮನುಷ್ಯ, ಇವತ್ತೇ ತೆರೆಯಬೇಕೇ? "ಹಲ್ಲು ಬಿದ್ದದ್ದು ಈಸ್ಟರಿಗೆ. ಆಕಿ ಮಾತು ಬಿಟ್ಟದ್ದು ಸೆಪ್ಟೆಂಬರಿಗೆ. ನಡುವ ನೀವಿಬ್ಬರೂ ಕೂಡಿ ಮೂರು ಚೀಲ ಶೇಂಗಾ ಒಡದೀರಿ."

ಕೆಲವರಿಗೆ ಸಿಟ್ಟು ತಡವಾಗಿ ಬರುತ್ತದೆ ಎಂದೆ. ಒಲೆಯ ಮೇಲಿನ ಬೇಳೆ ಹೊತ್ತುತ್ತಿದೆ ಎಂದು ಎದ್ದು ಹೋದೆ. ಹೊತ್ತಿರಲಿಲ್ಲ.

13 ಆಗಸ್ಟ್, ಶನಿವಾರ

ಮೊದಲನೆಯದು ಮುಗಿಸಿದೆ! ಹಾರ್ಮೋನಿಯಂ ಪೇಟಿ ಬಾರಿಸುವ ತುಕ್ಕಪ್ಪ ಮತ್ತು ಢೋಲಕ ಬಾರಿಸುವ ವೈಜನಾಥ. ಇಬ್ಬರೂ ಒಂದೇ ಹಾಡನ್ನು ಒಟ್ಟಿಗೆ ಶುರು ಮಾಡುತ್ತಾರೆ, ಬೇರೆ ಬೇರೆ ಹೊತ್ತಿಗೆ ಮುಗಿಸುತ್ತಾರೆ. ಒಬ್ಬ ಆಮೆನ್ ಮುಟ್ಟಿ ಬೆವರು ಒರೆಸಿಕೊಳ್ಳುವಾಗ ಇನ್ನೊಬ್ಬನಿಗೆ ಎರಡು ಚರಣ ಬಾಕಿ ಇರುತ್ತದೆ. ಐದು ತಿಂಗಳಿಂದ ಮುಖ ನೋಡುತ್ತಿರಲಿಲ್ಲ.

ಇಬ್ಬರನ್ನೂ ನಮ್ಮ ಪಡಸಾಲೆಯಲ್ಲಿ ಕೂರಿಸಿದೆ.

"ನಾ ಜಲ್ದಿ ಬಾರಸಂಗಿಲ್ರಿ ಬಾಯೋರ. ಪೇಟಿ ಹಿಂದ ಬೀಳ್ತದ" ಎಂದ ವೈಜನಾಥ.

"ಢೋಲಕಿಗೆ ಬಸ್ಸು ಹಿಡಿಯೂ ಗಡಿಬಿಡಿ ಇರ್ತದ್ರಿ" ಎಂದ ತುಕ್ಕಪ್ಪ.

ನಾನು ನ್ಯಾಯವಾಗಿ ತೀರ್ಪು ಕೊಟ್ಟೆ. ತಪ್ಪು ಇಬ್ಬರದೂ ಇದೆ. ಇನ್ನು ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ನನ್ನ ದನಿಯ ಹಿಂದೆ ಬರಬೇಕು. ಇಬ್ಬರೂ ಐದು ತಿಂಗಳಲ್ಲಿ ಮೊದಲ ಬಾರಿ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

"ಬಾಯೋರ ದನಿ ಹಿಂದ ಹೋದ್ರ..." ಎಂದ ವೈಜನಾಥ.

"ಸೀದಾ ಹುಮನಾಬಾದಕ್ಕ ಹೋಗಿ ಮುಟ್ಟತೀವಿ" ಎಂದ ತುಕ್ಕಪ್ಪ.

ಇಬ್ಬರೂ ಹೊಟ್ಟೆ ಹಿಡಿದು ನಕ್ಕು, ಒಂದೇ ಚೊಂಬಿನ ನೀರು ಕುಡಿದು, ಹೆಗಲ ಮೇಲೆ ಕೈ ಹಾಕಿಕೊಂಡು ಹೋದರು. ಅಷ್ಟೊಂದು ನಗುವಂಥದ್ದು ಏನಿತ್ತೋ. ಸಮಾಧಾನದ ಸಂತೋಷವಿರಬೇಕು.

24 ಆಗಸ್ಟ್, ಬುಧವಾರ

ಕೋಳಿಯ ಮನಸ್ತಾಪ ಇವತ್ತು ತೀರಿತು. ಇದು ಏಳರಲ್ಲಿ ಕಠಿಣವಾದದ್ದು.

ಸಭೆಗೆ ಕಾಣಿಕೆಯಾಗಿ ಬಂದ ಕಾಳುಕಡಿ, ಕೋಳಿ, ಕುಂಬಳಕಾಯಿಗಳನ್ನು ಆರಾಧನೆಯಾದ ಮೇಲೆ ಗುಡಿಯ ಅಂಗಳದಲ್ಲೇ ಹರಾಜು ಹಾಕುತ್ತೇವೆ. ಪಾರ್ವತಿಬಾಯಿ ಮಗಳ ಬಾಣಂತನ ಸುಸೂತ್ರವಾಯಿತೆಂದು ಒಂದು ಕೋಳಿ ಕೊಟ್ಟಳು. ಲಲಿತಾಬಾಯಿ ಹರಾಜಿನಲ್ಲಿ ಅದನ್ನು ಹಿಡಿದಳು. ಕೋಳಿಗೆ ಮಾತ್ರ ಇದನ್ನು ಯಾರೂ ತಿಳಿಸಲಿಲ್ಲ. ಅದು ಸಂಜೆಗೆ ಲಲಿತಾಬಾಯಿಯ ಮನೆಯಲ್ಲಿ ಮಲಗುತ್ತದೆ, ಮಧ್ಯಾಹ್ನ ಪಾರ್ವತಿಬಾಯಿಯ ಬುಟ್ಟಿಗೆ ಹೋಗಿ ತತ್ತಿ ಇಟ್ಟು ಬರುತ್ತದೆ.

"ದೇವ್ರಿಗೆ ಕೊಟ್ಟದ್ದು ಕೋಳಿರಿ, ತತ್ತಿ ಅಲ್ಲ" ಎಂದಳು ಪಾರ್ವತಿಬಾಯಿ.

"ತತ್ತಿ ಏನು ಆಕಿ ಬುಟ್ಟಿ ಇಡ್ತದೇನ್ರಿ? ನನ್ನ ಕೋಳಿ ಇಡ್ತದ" ಎಂದಳು ಲಲಿತಾಬಾಯಿ.

ನಾನು ಕಣ್ಣು ಮುಚ್ಚಿ ಒಂದು ನಿಮಿಷ ಪ್ರಾರ್ಥಿಸಿದೆ. ಉತ್ತರ ಸ್ಪಷ್ಟವಾಗಿ ಹೊಳೆಯಿತು. ಇಬ್ಬರ ಜಗಳಕ್ಕೆ ಕಾರಣವಾದ ತತ್ತಿ ಇಬ್ಬರಿಗೂ ಬೇಡ, ದಿನಾ ಉಪದೇಶಿಗಳ ಮನೆಗೆ ಬರಲಿ ಎಂದೆ.

ಲಲಿತಾಬಾಯಿ, "ನೋಡಿದೇನ ಪಾರ್ವತಿ?" ಎಂದಳು. "ನೋಡಿದೆ ನೋಡವ್ವ" ಎಂದಳು ಪಾರ್ವತಿ. ಇಬ್ಬರೂ ಬಾಗಿಲಾಚೆ ಹೋಗಿ ಏನೋ ಪಿಸುಗುಟ್ಟಿ ಬಂದು, ಒಂದು ದಿನ ನನಗೆ ಒಂದು ದಿನ ನಿನಗೆ ಎಂದು ಹಂಚಿಕೊಂಡುಬಿಟ್ಟರು. ಚೊಂಬಿನ ನೀರನ್ನೂ ಗಟಗಟ ಕುಡಿದರು. ತತ್ತಿ ನಮ್ಮ ಮನೆಗೆ ಬರುವುದಿಲ್ಲವಂತೆ. ಇರಲಿ, ನನಗೆ ತತ್ತಿ ಮುಖ್ಯವಲ್ಲ. ಆದರೂ ಇವರಿಗೆ ಕೆಮ್ಮು ಇದೆ ಎಂಬುದು ಅವರಿಗೆ ಗೊತ್ತಿತ್ತು.

3 ಸೆಪ್ಟೆಂಬರ್, ಶನಿವಾರ

ಐದು ಮುಗಿದವು, ಎರಡು ಬಾಕಿ. ಎಲ್ಲವೂ ಹೇಗೆ ಇಷ್ಟು ಬೇಗ ಮುಗಿಯುತ್ತಿವೆ ಎಂದು ಇವರನ್ನು ಕೇಳಿದೆ. "ನಿನ್ನ ಮುಂದ ಕುಂತರ ಸಾಕು, ಅವರವರ ಜಗಳ ಅವರಿಗೆ ಸಣ್ಣದ ಅನಸ್ತದ" ಎಂದರು. ಹೊಗಳಿದರು ಎಂದೇ ತಿಳಿದಿದ್ದೇನೆ.

ಬಾವಿಯ ಹತ್ತಿರ ಭಾಗಮ್ಮ ಸಿಕ್ಕಳು. ನನಗೆ ಹೇಳಬೇಕಾದದ್ದನ್ನೆಲ್ಲ ಅವಳು ತನ್ನ ಆಡಿಗೆ ಹೇಳುತ್ತಾಳೆ. ಇವತ್ತು ಹಗ್ಗ ಎಳೆಯುತ್ತ, "ನಡಿಯವ್ವ. ಇಲ್ಲಿ ಊರ ಮಂದೀದೆಲ್ಲ ಕೇಳತದ, ಮನಿ ಬಾಗಲದ್ದು ಅಷ್ಟ ಕೇಳಂಗಿಲ್ಲ" ಎಂದಳು. ಆಡು ನನ್ನನ್ನೇ ನೋಡಿತು.

ನಾನು ಕೊಡ ಅರ್ಧ ತುಂಬಿಸಿಕೊಂಡು ಬಂದೆ. ಮಧ್ಯಾಹ್ನ ನೀರು ಸಾಲಲಿಲ್ಲ.

12 ಸೆಪ್ಟೆಂಬರ್, ಸೋಮವಾರ

ಪಾರ್ವತಿಬಾಯಿ ನನ್ನ ಕೈ ಹಿಡಿದು ನೋಡಿ, "ಇದೇನ್ರಿ ಬಾಯೋರ, ಮುತ್ತೈದಿ ಕೈಯಾಗ ಎರಡೇ ಬಳಿ? ಬಗಲಾಗ ವಜೀರಬಿ ಅದಾಳ, ಹೋಗಿ ಇಡಸ್ಕೋಬಾರದೇನು?" ಎಂದಳು.

ಬೈಬಲ್ ಬಾಯಿಯಾಗುವವಳಿಗೆ ಬಳೆಯ ಆಡಂಬರ ಯಾಕೆ ಎಂದೆ. ಅವಳು ನನ್ನ ಕಿವಿಯ ಬೆಂಡೋಲೆಯನ್ನು ನೋಡಿದಳು.

ವಜೀರಬಿ ನಮ್ಮ ಗೋಡೆಗೆ ಗೋಡೆ ಹೊಂದಿದ ಮನೆಯವಳು. ಗಂಡ ಇಲ್ಲ, ಮಗ ಮೊಹಿನುದ್ದೀನ್ ಹೈದರಾಬಾದಿನಲ್ಲಿ ದುಡಿಯುತ್ತಾನೆ, ಮೊಮ್ಮಗಳು ತಾಹೇರಾಳನ್ನು ಕಟ್ಟಿಕೊಂಡು ಇಲ್ಲಿ ಬಳೆ ವ್ಯಾಪಾರ ಮಾಡುತ್ತಾಳೆ. ನಾನು ಮದುವೆಯಾಗಿ ಈ ಓಣಿಗೆ ಬಂದಾಗಿನಿಂದ ನನ್ನ ಕೈಗೆ ಬಳೆ ಇಟ್ಟವಳು ಅವಳೇ. ಬಳೆ ಇಡುವಾಗ ನಮ್ಮ ಕೈಯನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು, ಬೆರಳು ಒತ್ತಿ ಒತ್ತಿ ಮೆತ್ತಗೆ ಮಾಡಿ, ಮುಖ ನೋಡುತ್ತ ಮಾತಾಡುತ್ತಾಳೆ. ಮುಖ ತಪ್ಪಿಸಿ ಕೂರಲು ಆಗುವುದಿಲ್ಲ. ಅದಕ್ಕೇ ಹೋಗಿಲ್ಲ, ಒಂದು ವರ್ಷವಾಯಿತು.

ಅದಕ್ಕೇ ಎಂದು ಯಾಕೆ ಬರೆದೆನೋ.

18 ಸೆಪ್ಟೆಂಬರ್, ರವಿವಾರ

ಇವರು ಇಂದು ಉಪದೇಶದಲ್ಲಿ, ಹೋದ ವರ್ಷ ಇದೇ ವಾರ ನಮ್ಮ ಸಭೆಯ ಮೇಲೆ ದೇವರು ಕೈ ಇಟ್ಟು ಕಾಪಾಡಿದ ಎಂದರು. ಎಲ್ಲರೂ ಆಮೆನ್ ಎಂದರು. ನನ್ನ ಬಾಯಿಂದ ಅದು ಬರಲಿಲ್ಲ. ಮನೆಗೆ ಬಂದು ಅಡಿಗೆಗೂ ಮೊದಲು ಇದನ್ನು ಬರೆಯುತ್ತಿದ್ದೇನೆ. ಈ ಪುಸ್ತಕವನ್ನು ಯಾರೂ ಓದುವುದಿಲ್ಲ.

ಹೋದ ವರ್ಷ ಸೈನ್ಯ ಬಂದು ರಜಾಕಾರರು ಓಡಿಹೋದರು. ಓಡಿಹೋದವರ ಮೇಲಿನ ಸಿಟ್ಟನ್ನು ಊರಿನಲ್ಲೇ ಉಳಿದ ಬಡಪಾಯಿಗಳ ಮೇಲೆ ತೀರಿಸಲು ಗುಂಪುಗಳು ತಿರುಗುತ್ತಿದ್ದವು. ಬೆಳಗಿನ ಹತ್ತು ಗಂಟೆ ಇರಬೇಕು. ಇವರು ಹುಮನಾಬಾದಿನಲ್ಲಿ ಸಿಕ್ಕಿಕೊಂಡಿದ್ದರು. ನಾನೊಬ್ಬಳೇ ಕೂತು ಜೋಳ ಬೀಸುತ್ತಿದ್ದೆ. ಹಿತ್ತಲ ಬಾಗಿಲು ಬಡಿದ ಸದ್ದಾಯಿತು.

"ಕಮಳಾ, ಬಾಗಲಾ ತಗಿ. ತಾಹೇರಾ ನನ್ನ ಕೂಡ ಅದಾಳ."

ವಜೀರಬಿಯ ದನಿ. ಕೂಗಲಿಲ್ಲ, ಮೆಲ್ಲಗೆ ಹೇಳಿದಳು. ನಾನು ಏಳಲಿಲ್ಲ. ಬೀಸುತ್ತಲೇ ಇದ್ದೆ. ಇವರು ಮನೆಯಲ್ಲಿಲ್ಲ, ಗುಂಪು ನಮ್ಮ ಮನೆಗೂ ನುಗ್ಗಿದರೆ ಎಂಬ ಭಯ. ಅವಳು ಮತ್ತೆ ಬಡಿದಳು. ಅಷ್ಟರಲ್ಲಿ ಕಲ್ಲಿನಲ್ಲಿದ್ದ ಕಾಳು ಮುಗಿಯಿತು. ಇನ್ನೊಂದು ಹಿಡಿ ಹಾಕಲು ಕೈ ಬರಲಿಲ್ಲ. ನಿಲ್ಲಿಸಲೂ ಅಂಜಿದೆ. ನಿಲ್ಲಿಸಿದರೆ ನನಗೆ ಕೇಳಿಸಿತು ಎಂದು ಅವಳಿಗೆ ತಿಳಿಯುತ್ತಿತ್ತು. ಬರಿ ಕಲ್ಲನ್ನೇ ತಿರುವುತ್ತ ಕೂತೆ.

ಆಮೇಲೆ ಬಡಿಯುವುದು ನಿಂತಿತು. ಮೂರನೆಯ ಬಾಗಿಲನ್ನು ಭಾಗಮ್ಮ ತೆರೆದಳು. ಗಂಡಸಿಲ್ಲದ ಮನೆ, ಅವಳಿಗೂ ಜೀವ ಒಂದೇ. ಆರು ದಿನ ಅವರಿಬ್ಬರನ್ನು ಜೋಳದ ಚೀಲಗಳ ಹಿಂದೆ ಇಟ್ಟುಕೊಂಡು, ಕೇಳಲು ಬಂದವರನ್ನು ಬೈದು ಕಳಿಸಿದಳಂತೆ.

ನಾನು ಎಲ್ಲರಿಗೂ ಹೇಳಿದೆ: ಬೀಸುವ ಸದ್ದಿನಲ್ಲಿ ಕೇಳಿಸಲಿಲ್ಲ. ಎಲ್ಲರೂ ಹೌದೌದು ಎಂದರು. ಆದರೆ ಕಾಳು ಇರುವ ಕಲ್ಲಿನ ಸದ್ದು ಬೇರೆ, ಬರಿ ಕಲ್ಲಿನ ಸದ್ದು ಬೇರೆ. ಈ ಊರಿನಲ್ಲಿ ಹತ್ತು ವರ್ಷದ ಹುಡುಗಿಗೂ ಅದು ಗೊತ್ತು.

ಭಾಗಮ್ಮನಿಗೆ ಹಲ್ಲಿನ ಸಿಟ್ಟಿಲ್ಲ. ನನಗೆ ನಾಚಿಕೆಯಾಗುತ್ತಿದೆ. ಬರೆಯಲು ಇನ್ನೇನೂ ಇಲ್ಲ.

20 ಸೆಪ್ಟೆಂಬರ್, ಮಂಗಳವಾರ

ಏಳನೆಯ ಮನಸ್ತಾಪವೂ ಇವತ್ತು ಮುಗಿಯಿತು. ಯಾವುದರ ಜಗಳ ಎಂದು ಅವರಿಗೇ ಮರೆತಿತ್ತು. ನಾನು ನೀರು ಕೊಟ್ಟೆ, ಅವರು ಕುಡಿದರು.

26 ಸೆಪ್ಟೆಂಬರ್, ಸೋಮವಾರ

ಪಟ್ಟಿ ತೆಗೆದುಕೊಂಡು ಹುಮನಾಬಾದಿಗೆ ಹೋಗಿದ್ದೆ. ಪಾದ್ರಿಗಳು ವರಾಂಡದಲ್ಲಿ ಕೂತು ತೊಗರಿ ಆರಿಸುತ್ತಿದ್ದರು. ಮುಂದಿನ ಹಲ್ಲಿಲ್ಲದ್ದರಿಂದ ಅವರ ಮಾತಿನಲ್ಲಿ ಆಗಾಗ ಸಣ್ಣ ಸೀಟಿ ಬರುತ್ತದೆ. ನಾನು ಹಾಳೆಯನ್ನು ಮುಂದಿಟ್ಟು, "ಏಳಕ್ಕ ಏಳೂ ಮುಗದಾವ್ರಿ" ಎಂದೆ.

"ಗೊತ್ತದ. ಹೋದ ವಾರ ನಿಮ್ಮೂರ ಮಂದಿ ಬಂದಿದ್ರು. ಎಲ್ಲಾರೂ ಒಂದಾಗ್ಯಾರ." ಒಂದು ಕಲ್ಲು ಆರಿಸಿ ಬಿಸಾಕಿದರು. "ನಿಮ್ಮ ವಿರುದ್ಧ ಒಂದಾಗ್ಯಾರ. ತತ್ತಿ ವಿಷಯ ನಾಕು ಮಂದಿ ಹೇಳಿದ್ರು."

ನನಗೆ ಮುಖ ಬಿಸಿಯಾಯಿತು. ಅವರು ನಗುತ್ತಿದ್ದರು.

"ಇರ್ಲಿ ಬಿಡ್ರಿ, ಹ್ಯಾಂಗಾದ್ರೂ ಒಂದಾದ್ರಲ್ಲ. ನಿಮ್ದು ಯಾರ ಕೂಡ ಏನರ ಅದ ಏನು?"

"ಭಾಗಮ್ಮ ಮಾತಾಡಂಗಿಲ್ರಿ. ಆ ಹಲ್ಲಿನ ಸಲುವಾಗಿ."

"ಹಲ್ಲು ಯಾರ್ದು?"

"ನಿಮ್ದರಿ."

"ಕಳಕೊಂಡಾವ ನಾನು. ನಾ ಅವತ್ತೇ ಮರತೀನಿ. ನೀವು ಒಂದೂವರೆ ವರ್ಷ ಯಾಕ ಅದನ್ನ ಕಟಗೊಂಡು ತಿರಗಾಕತ್ತೀರಿ?"

ನಾನು ನಗಲು ಹೋದೆ. ನಗು ಬರುವ ಬದಲು ಅಳು ಬಂತು. ವರಾಂಡದಲ್ಲಿ, ಅಡಿಗೆಯವಳ ಎದುರಿಗೆ, ಅತ್ತೆ ಸತ್ತಾಗಲೂ ಅಳದ ಹಾಗೆ ಅತ್ತುಬಿಟ್ಟೆ. ಎಲ್ಲ ಹೇಳಿದೆ. ಬಾಗಿಲು, ತಾಹೇರಾ, ಬರಿ ಕಲ್ಲು. ಅವರು ತೊಗರಿ ಆರಿಸುವುದನ್ನು ನಿಲ್ಲಿಸಿ ಕೇಳಿದರು. ದೇವರು ಕ್ಷಮಿಸಿದ್ದಾನೆ, ಹೋಗಿ ಬಾ ಎನ್ನುತ್ತಾರೆಂದು ಕಾದೆ.

"ಬಾಗಲಾ ಬಡದಾವ ನಾ ಅಲ್ಲವ್ವ" ಎಂದರು. "ನನಗ ಹೇಳಿ ಏನ ಮಾಡ್ತಿ?"

ಅಷ್ಟೇ. ಮತ್ತೆ ಮೊರ ಎತ್ತಿಕೊಂಡರು. ಚಹಾ ತರಿಸಿ ಕುಡಿಸಿದರು. ಪಟ್ಟಿಯನ್ನು ನಾನು ಅಲ್ಲೇ ಬಿಟ್ಟು ಬಂದೆನೆಂದು ಈಗ ನೆನಪಾಗುತ್ತಿದೆ. ರಾಜೇಶ್ವರ ದಾಟುವಾಗ ಮಳೆ ಹಿಡಿಯಿತು. ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ಪೂರ್ತಿ ನೆನೆದಿದ್ದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ವಜೀರಬಿಯ ಮನೆಯ ಹೊಸ್ತಿಲಲ್ಲಿ ಮೊದಲ ಮಾತು ಏನು ಆಡಬೇಕು ಎಂದು.

29 ಸೆಪ್ಟೆಂಬರ್, ಗುರುವಾರ

ಮೊನ್ನೆ ಹೋಗಿ ಅವಳ ಅಂಗಳದಿಂದ ತಿರುಗಿ ಬಂದೆ. ನಿನ್ನೆ ಅಂಗಳದವರೆಗೂ ಹೋಗಲಿಲ್ಲ. ಇವತ್ತು ಸಂಜೆ ಇವರು ಏನೂ ಕೇಳದೆ ನನ್ನ ಕೈಯಿಂದ ಸೌಟು ತೆಗೆದುಕೊಂಡು ಒಲೆಯ ಮುಂದೆ ಕೂತರು. ಹೋದೆ.

ವಜೀರಬಿ ಚಾಪೆಯ ಮೇಲೆ ಬಳೆಗಳನ್ನು ಹರಡಿಕೊಂಡು ಬಣ್ಣ ಬಣ್ಣ ಬೇರೆ ಮಾಡಿ ದಾರಕ್ಕೆ ಪೋಣಿಸುತ್ತಿದ್ದಳು. "ಬಾ ಕಮಳಾ, ಕೂಡು" ಎಂದಳು, ನಿನ್ನೆ ಬಂದು ಹೋದವಳಿಗೆ ಹೇಳುವ ಹಾಗೆ. ನಾನು ಕೂರಲಿಲ್ಲ. ಕೂತರೆ ಹೇಳಲಾಗುತ್ತಿರಲಿಲ್ಲ.

"ಖಾಲಾ, ಹೋದ ವರ್ಷ ನೀವು ಬಾಗಲಾ ಬಡದಾಗ ನಾ ಒಳಗೇ ಇದ್ದೆರಿ. ನನಗ ಕೇಳಿಸಿತ್ತು."

"ಗೊತ್ತದ." ತಲೆ ಎತ್ತಲಿಲ್ಲ. "ಬರಿ ಕಲ್ಲು ತಿರವಾಕತ್ತಿದ್ದಿ. ನನ್ನ ಮನ್ಯಾಗೂ ಬೀಸೂಕಲ್ಲು ಅದ."

"ಅಂಜಿದ್ದೆರಿ."

"ನಾನೂ ಅಂಜಿದ್ದೆ."

ಹಸಿರು ಬಳೆಗಳ ಗೊಂಚಲಿಗೆ ಗಂಟು ಹಾಕಿ ಪಕ್ಕಕ್ಕಿಟ್ಟಳು. ಕೆಂಪಿನವನ್ನು ಎಳೆದುಕೊಂಡಳು. ನನ್ನನ್ನು ಮಾಫ್ ಮಾಡ್ರಿ ಎಂದೆ. ದನಿ ನನಗೇ ಕೇಳಿಸಿತೋ ಇಲ್ಲವೋ.

"ನಿಮ್ಮ ಪಾದ್ರಿ ಯಾವಾಗ ಬರ್ತಾರ?"

"ರವಿವಾರ."

"ಅದಕ್ಕ ಇವತ್ತ ಬಂದಿ."

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಮತ್ತೆ ಸುಳ್ಳಾಗುತ್ತಿತ್ತು. "ಹೌದ್ರಿ" ಎಂದೆ. ಆಗ ತಲೆ ಎತ್ತಿ ನೋಡಿದಳು. ನಕ್ಕಳೋ ಏನೋ, ಸರಿಯಾಗಿ ತಿಳಿಯಲಿಲ್ಲ.

"ಖರೇ ಹೇಳಿದಿ, ಚಲೋ ಆತು. ನಾನೂ ಖರೇ ಹೇಳ್ತೀನಿ. ನಿಮ್ಮ ಪಾದ್ರಿ ರವಿವಾರದ ಬಸ್ಸಿಗೆ ಬರ್ತಾರಂತ ನನ್ನ ದಿಲ್ ಶನಿವಾರದೊಳಗ ತಯಾರ ಆಗಂಗಿಲ್ಲ ಬೇಟಿ. ಯಾರದರ ಮನ್ಯಾಗ ಬೀಸೂ ಸದ್ದು ಕೇಳಿದ್ರ ತಾಹೇರಾ ಈಗೂ ಓಡಿ ಬಂದು ನನ್ನ ಸೆರಗು ಹಿಡೀತಾಳ. ಅದಕ್ಕ ನಾ ಏನ ಹೇಳ್ಲಿ?"

ನಾನು ಹೊರಡಲು ಹೊಸ್ತಿಲ ಕಡೆ ತಿರುಗಿದೆ.

"ನಾಳೆ ಬಾ" ಎಂದಳು. "ನಾಡದೂ ಬಾ. ಬಾಗಲಾ ತಗದೇ ಇರ್ತದ."

30 ಸೆಪ್ಟೆಂಬರ್, ಶುಕ್ರವಾರ

ಹೋದೆ. ಕೆಂಪು ಬಳೆ ಪೋಣಿಸಲು ಕೊಟ್ಟಳು. ಮೂರು ಒಡೆದೆ. "ಬೀದರದಾಗ ಓದಿದ್ದೆಲ್ಲ ಇದಽ ಏನು?" ಎಂದು ಬೈದಳು. ಬೈಸಿಕೊಂಡು ಹಗುರವಾಯಿತು. ತಾಹೇರಾ ನನ್ನನ್ನು ನೋಡಿ ಒಳಗೆ ಹೋದಳು, ಹೊರಗೆ ಬರಲಿಲ್ಲ.

1 ಅಕ್ಟೋಬರ್, ಶನಿವಾರ

ನಾಳೆಯ ರೊಟ್ಟಿಗೆಂದು ತೆಗೆದಿಟ್ಟಿದ್ದ ಗೋಧಿ ಹಿಟ್ಟನ್ನು ಇವರ ಕೈಯಲ್ಲಿ ಭಾಗಮ್ಮನ ಮನೆಗೆ ಕಳಿಸಿದೆ. ಅವಳ ಒಲೆ ಚೆನ್ನಾಗಿ ಉರಿಯುತ್ತದೆ, ಅಷ್ಟೇ. ಯಾವ ಹಿಟ್ಟಿನ ರೊಟ್ಟಿ ಬೇಕೋ ಅದನ್ನೇ ಮಾಡಲಿ ಎಂದೂ ಹೇಳಿ ಕಳಿಸಿದೆ. ಪಾದ್ರಿಗಳಿಗೆ ಇನ್ನೂ ಸಾಕಷ್ಟು ಹಲ್ಲುಗಳಿವೆ.

ನಾಳೆ ನಾನು ರೊಟ್ಟಿಗೆ ಏಳುವುದಿಲ್ಲ ಎಂದು ಇವರಿಗೆ ಹೇಳಿದೆ.

"ಉಪದೇಶಿ ಹೇಣ್ತಿ ಏಳದಿದ್ರ ಮಂದಿ ಏನಂತಾರ?"

"ಅನ್ನಲಿ. ನೀವ ಏನಂತೀರಿ?"

"ನಾ ಏಳು ವರ್ಷದಾಗ ಇಂಥಾ ಉಪದೇಶ ಒಂದೂ ಮಾಡಿಲ್ಲ" ಎಂದರು. ಕಣ್ಣಲ್ಲಿ ನೀರಿತ್ತು. ಒಲೆಯ ಹೊಗೆ ಎಂದರು. ಒಲೆ ಹೊತ್ತಿಸಿಯೇ ಇರಲಿಲ್ಲ.

ಸಂಜೆ ವಜೀರಬಿಯಲ್ಲಿಗೆ ಹೋದೆ. ಒಂದೂ ಬಳೆ ಒಡೆಯಲಿಲ್ಲ.

2 ಅಕ್ಟೋಬರ್, ರವಿವಾರ

ಸಭೆ ತುಂಬಿತ್ತು. ತುಕ್ಕಪ್ಪ ಮತ್ತು ವೈಜನಾಥ ಹಾಡನ್ನು ಒಟ್ಟಿಗೇ ಮುಗಿಸಿದರು, ಅರ್ಧ ಸಾಲಿನ ಅಂತರದಲ್ಲಿ. ಅದಕ್ಕಿಂತ ಹತ್ತಿರ ಅವರು ಎಂದೂ ಬಂದಿರಲಿಲ್ಲ. ನಾನು ಯಾವಾಗಿನಂತೆ ಹೆಂಗಸರ ಮೊದಲ ಸಾಲಿನಲ್ಲಿ ಕೂರದೆ ಹಿಂದೆ, ಗೋಡೆಯ ಹತ್ತಿರ ಕೂತಿದ್ದೆ. ಭಾಗಮ್ಮ ಮುಂದೆ ಇದ್ದಳು. ಬಿಳಿ ಬಟ್ಟೆಯ ಕೆಳಗೆ ಅವಳು ಮಾಡಿದ ರೊಟ್ಟಿ.

ಪಾದ್ರಿಗಳು ಕರೆದರು. ಮನಸ್ತಾಪ ಇಲ್ಲದವರು ಬನ್ನಿ ಎಂದರು. ಪಾರ್ವತಿಬಾಯಿ, ಲಲಿತಾಬಾಯಿ ಒಬ್ಬರ ಕೈ ಒಬ್ಬರು ಹಿಡಿದು ಎದ್ದರು. ಸಾಲು ಸಾಲಾಗಿ ಎಲ್ಲರೂ ಹೋಗಿ ಮೊಣಕಾಲೂರಿ ತಿಂದು ಬಂದರು. ನಾನು ಏಳಲಿಲ್ಲ. ಮೊದಲು ಒಬ್ಬರು ಹಿಂತಿರುಗಿ ನೋಡಿದರು, ಆಮೇಲೆ ಎಲ್ಲರೂ. ಊರಿನ ಮನಸ್ತಾಪಗಳನ್ನೆಲ್ಲ ಹೆಕ್ಕಿ ಹೆಕ್ಕಿ ಮುಗಿಸಿದವಳು ರೊಟ್ಟಿ ಬಿಟ್ಟು ಕೂತಿದ್ದಳು. ನೆಲ ನೋಡುತ್ತ ಕೂತೆ. ಏಳಬೇಕು ಎನಿಸಲಿಲ್ಲ. ಮಾಫ್ ಮಾಡಿದೆ ಎಂದು ವಜೀರಬಿ ಇನ್ನೂ ಹೇಳಿಲ್ಲ. ಅವಳು ಹೇಳುವವರೆಗೆ ಕಾಯುವುದು ನನ್ನ ಪಾಲು.

ಪಾದ್ರಿಗಳು ನನ್ನನ್ನು ಕರೆಯಲಿಲ್ಲ. ತಟ್ಟೆ ಹಿಡಿದು ನಿಂತೇ ಇದ್ದರು. ಯಾಕೆಂದು ಆಮೇಲೆ ತಿಳಿಯಿತು. ಮುಂದೆ ಇನ್ನೂ ಒಬ್ಬಳು ಎದ್ದಿರಲಿಲ್ಲ. ರೊಟ್ಟಿ ಮಾಡಿದವಳೇ ರೊಟ್ಟಿಗೆ ಹೋಗಿರಲಿಲ್ಲ.

ಭಾಗಮ್ಮ ಮೆಲ್ಲಗೆ ಎದ್ದಳು. ಪಾದ್ರಿಗಳ ಕಡೆ ಹೋಗುತ್ತಾಳೆ ಎಂದುಕೊಂಡೆ. ಸೆರಗು ಸರಿಮಾಡಿಕೊಂಡು, ಕೂತವರ ಕಾಲು ತುಳಿಯದಂತೆ ದಾಟಿ ದಾಟಿ, ಹಿಂದಕ್ಕೆ ಬಂದಳು. ನನ್ನ ಎದುರಿಗೆ ನಿಂತಳು. ನಾನು ಅವಳ ಪಾದಗಳನ್ನಷ್ಟೇ ನೋಡಿದೆ, ಹಿಟ್ಟು ಇನ್ನೂ ಅಂಟಿತ್ತು.

"ಸರಿ ಅತ್ತಾಗ" ಎಂದಳು.

ಒಂದು ವರ್ಷದಲ್ಲಿ ಅವಳು ನನಗೆ ಆಡಿದ ಮೊದಲ ಮಾತು. ನಾನು ಗೋಡೆಯ ಕಡೆ ಸರಿದು ಜಾಗ ಕೊಟ್ಟೆ. ಕೊನೆಯ ಹಾಡು ಮುಗಿಯುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು, ರೊಟ್ಟಿ ತಿನ್ನದೆ.